ಡೆಕೇಟರ್ ನಗರದ ಕೆರೆಯೂ ಅದರ ಹೂಳೂ

ಕೆರೆಯನ್ನು ಕಟ್ಟಿಸಿದವನ ಹೆಸರು ಶಿಲೆಯಲ್ಲಿ ನಿಲ್ಲುತ್ತದೆ. ಅದರ ಹೂಳನ್ನು ಹೊತ್ತವನ ಹೆಸರು ಎಲ್ಲಿಯೂ ದೊರೆಯದು. ಆದರೂ ನಮ್ಮ ಪೂರ್ವಿಕರು ಈ ಎರಡನೆಯ ಕಾರ್ಯವನ್ನು ಮರೆತವರಲ್ಲ. ಹೂಳನ್ನು ಸಾಗಿಸುವ ಬಂಡಿಗಳಿಗಾಗಿಯೂ ಅವನ್ನೆಳೆಯುವ ಕೋಣಗಳಿಗಾಗಿಯೂ ಭೂಮಿಯನ್ನು ದತ್ತಿಬಿಟ್ಟ ಸಂಗತಿಗಳು ಕನ್ನಡನಾಡಿನ ಶಾಸನಗಳಲ್ಲಿ ಅಲ್ಲಲ್ಲಿ ಕಾಣಬರುತ್ತವೆ. ಜಲಾಶಯವನ್ನು ಕಟ್ಟುವಾಗಲೇ ಅದು ಮಣ್ಣಿನಿಂದ ತುಂಬಿಹೋಗುವ ದಿನವನ್ನೂ ಅವರು ಎಣಿಸಿದ್ದರೆಂಬುದು ಇದರಿಂದ ತಿಳಿಯುತ್ತದೆ. ಈ ಎಣಿಕೆಯು ತಡವಾದರೆ ಏನಾಗುವುದೆಂಬುದನ್ನು ಅಮೆರಿಕಾ ದೇಶದ ಇಲಿನಾಯ್ ಸಂಸ್ಥಾನದ ಡೆಕೇಟರ್ ನಗರವು ಅನುಭವಿಸಿ ಅರಿಯಬೇಕಾಯಿತು.

ಡೆಕೇಟರ್ ಮೆಕ್ಕೆಜೋಳದ ಬಯಲಿನ ನಡುವಣ ಊರು. ೧೯೧೨ರಲ್ಲಿ ಸ್ಟೇಲಿ ಎಂಬ ಉದ್ಯಮಿಯು ಅಲ್ಲಿ ಮೆಕ್ಕೆಜೋಳದಿಂದ ಪಿಷ್ಟವನ್ನು ತೆಗೆಯುವ ಕಾರ್ಖಾನೆಯನ್ನು ನಡೆಸತೊಡಗಿದನು. ಅಂಥ ಉದ್ಯೋಗಕ್ಕೆ ನೀರು ಅಪಾರವಾಗಿ ಬೇಕು, ಊರೂ ಬೆಳೆಯುತ್ತಿದ್ದಿತು. ಆದುದರಿಂದ ೧೯೨೦ರಿಂದ ೧೯೨೨ರ ವರೆಗೆ ಸ್ಯಾಂಗಮನ್ ನದಿಗೆ ಅಡ್ಡಲಾಗಿ ಒಡ್ಡನ್ನು ಕಟ್ಟಿದರು. (ನದಿಯ ಹೆಸರು ಕನ್ನಡಿಗರಿಗೆ ಸಂಗಮವನ್ನು ನೆನಪಿಗೆ ತಂದರೂ ಅದು ಆ ನಾಡಿನ ಮೂಲನಿವಾಸಿಗಳ ನುಡಿಯಿಂದ ಬಂದುದು.) ಸುಮಾರು ೨,೮೦೦ ಎಕರೆಗಳ ಕೆರೆಯೊಂದು ನಿಂತಿತು. ಅದು ಹಿಡಿಯುತ್ತಿದ್ದ ನೀರು ಸುಮಾರು ೨೦,೦೦೦ ಎಕರೆ-ಅಡಿ, ಎಂದರೆ ಅಷ್ಟು ಎಕರೆ ನೆಲದ ಮೇಲೆ ಒಂದಡಿ ಎತ್ತರಕ್ಕೆ ನಿಲ್ಲುವಷ್ಟು. ಆದರೆ ಆ ಕೆರೆಗೆ ನೀರನ್ನು ಹರಿಸುವ ಪ್ರದೇಶವು ಸುಮಾರು ೯೨೫ ಚದರ ಮೈಲಿ! ಇಷ್ಟು ದೊಡ್ಡ ಬಯಲಿನ ಮಣ್ಣಿಗೆ ಇಷ್ಟು ಚಿಕ್ಕ ಪಾತ್ರೆ.

ಕೆರೆ ಪೂರ್ಣವಾದ ೧೯೨೨ರಲ್ಲಿಯೇ ಸ್ಟೇಲಿಯು ಸೋಯಾ ಅವರೆಯನ್ನು ಅರೆಯುವ ಗಿರಣಿಯನ್ನೂ ತೆರೆದನು. ಬೇಡಿಕೆಯು ಬಂದಂತೆ ಮೇಲಣ ಹೊಲಗಳಲ್ಲಿ ಈ ಬೆಳೆಯು ಹಬ್ಬಿತು. ಸಾಲುಸಾಲಾಗಿ ಬಿತ್ತುವ ಇಂಥ ಬೆಳೆಗಳ ನಡುವೆ ನೆಲವು ಬರಿದಾಗಿರುತ್ತದೆ. ಮಳೆಯು ಆ ಕಪ್ಪು ಮಣ್ಣನ್ನು ಕಿತ್ತು ಹಳ್ಳಕ್ಕೂ, ಹಳ್ಳವು ನದಿಗೂ, ನದಿಯು ಕೆರೆಗೂ ಒಪ್ಪಿಸುವುದು. ನಗರವನ್ನು ಪೋಷಿಸಿದ ಬೆಳೆಯೇ ನಗರದ ನೀರಿನ ಪಾತ್ರೆಯನ್ನು ತುಂಬತೊಡಗಿತು.

ಇದನ್ನು ಯಾರೂ ಗಮನಿಸಲಿಲ್ಲವೆಂದು ಹೇಳುವಂತಿಲ್ಲ. ಸಂಸ್ಥಾನದ ಜಲಶೋಧನ ಇಲಾಖೆಯವರು ೧೯೩೬ರಲ್ಲಿಯೂ ೧೯೪೬ರಲ್ಲಿಯೂ ಕೆರೆಯ ತಳವನ್ನು ಅಳೆದರು. ಕೆರೆಯು ಇಪ್ಪತ್ತನಾಲ್ಕು ವರ್ಷಗಳಲ್ಲಿ ತನ್ನ ಧಾರಣಶಕ್ತಿಯ ಕಾಲುಭಾಗವನ್ನು ಕಳೆದುಕೊಂಡಿತೆಂದು ೧೯೪೭ರ ವರದಿಯು ತಿಳಿಸಿತು. ಲೆಕ್ಕವು ಸರಿಯಾಗಿತ್ತು, ಎಚ್ಚರಿಕೆಯೂ ಸಕಾಲದಲ್ಲಿ ಬಂದಿತ್ತು. ಆದರೆ ನಗರವು ಹಿಡಿದ ದಾರಿ ಬೇರೆ. ೧೯೫೬ರಲ್ಲಿ ಒಡ್ಡಿನ ಮೇಲೆ ಬಾಗಿಲುಗಳನ್ನಿಟ್ಟು ನೀರಿನ ಮಟ್ಟವನ್ನು ಏರಿಸಲಾಯಿತು. ಧಾರಣಶಕ್ತಿ ೨೮,೦೦೦ ಎಕರೆ-ಅಡಿಗೆ ಏರಿತು. ಗಡಿಗೆಯ ತಳ ತುಂಬುತ್ತಿರುವಾಗ ಕಂಠವನ್ನು ಎತ್ತರಿಸಿದಂತೆ! ಹೂಳು ತನ್ನ ಕೆಲಸವನ್ನು ನಿಲ್ಲಿಸಲಿಲ್ಲ. ೧೯೮೩ರಲ್ಲಿ ಅಳೆದಾಗ ಈ ಹೆಚ್ಚಿದ ಶಕ್ತಿಯಲ್ಲಿಯೂ ಮೂರರಲ್ಲೊಂದು ಪಾಲು ಹೋಗಿದ್ದಿತು.

ಮುಂದೆ ಕೆರೆಯ ಕೆಲವು ಭಾಗಗಳಲ್ಲಿ ಹೂಳನ್ನು ತೆಗೆದರಾದರೂ, ೨೦೧೨ರ ಬರಗಾಲವು ಊರಿನವರನ್ನು ನಿಜವಾಗಿ ಬೆದರಿಸಿತು. ಆಗಲೇ ಇಡೀ ಕೆರೆಗೆ ಸಂಬಂಧಿಸಿದ ಯೋಜನೆಯು ಗಟ್ಟಿಯಾಯಿತು. ಇಂಥ ಯೋಜನೆಯಲ್ಲಿ ಕಠಿಣವಾದುದು ಮಣ್ಣನ್ನು ಎತ್ತುವುದಲ್ಲ, ಎತ್ತಿದುದನ್ನು ಇಡುವುದು. ಐನೂರು ಎಕರೆಗೂ ಮಿಕ್ಕ ನೆಲದಲ್ಲಿ ಸುತ್ತಲೂ ಏರಿಯುಳ್ಳ ಹೊಂಡವೊಂದು ಇದಕ್ಕಾಗಿ ಬೇಕಾಯಿತು. ತೇಲುವ ಯಂತ್ರವು ತಳದ ಹೂಳನ್ನು ಕಲಕಿ ನೀರೊಡನೆ ಹೀರಿ, ಮೈಲಿಗಟ್ಟಲೆ ಕೊಳವೆಯಲ್ಲಿ ಅಲ್ಲಿಗೆ ನೂಕುತ್ತಿದ್ದಿತು. ಮಣ್ಣು ಕೆಳಗಿಳಿದ ಮೇಲೆ ತಿಳಿನೀರು ಕೆರೆಗೇ ಹಿಂದಿರುಗುತ್ತಿದ್ದಿತು. ೨೦೧೪ರಲ್ಲಿ ಕೈಗೊಂಡ ಈ ಕೆಲಸವು ಸುಮಾರು ಐದು ವರ್ಷ ಹಿಡಿಯಿತು. ಒಂದು ಕೋಟಿ ಘನಗಜಕ್ಕೂ ಹೆಚ್ಚು ಹೂಳು ಹೊರಬಂದಿತು. ಒಂಬತ್ತು ಕೋಟಿ ಡಾಲರಿಗೂ ಮಿಕ್ಕ ವೆಚ್ಚಕ್ಕಾಗಿ ನಗರವು ಸಾಲವೆತ್ತಿ, ನಿವಾಸಿಗಳ ನೀರಿನ ದರವನ್ನು ಏರಿಸಬೇಕಾಯಿತು. ೧೯೪೭ರ ವರದಿಯನ್ನು ಓದಿದವರ ಮೊಮ್ಮಕ್ಕಳು ಈ ಹಣವನ್ನು ತೆತ್ತರು.

ಕೆರೆಯ ಧಾರಣಶಕ್ತಿಯು ಹೆಚ್ಚುಕಡಮೆ ನೂರಕ್ಕೆ ೩೦ರಷ್ಟು ಹೆಚ್ಚಿತು. ಆದರೆ ಸ್ಯಾಂಗಮನ್ ನದಿಯು ಮಣ್ಣನ್ನು ತರುವುದನ್ನು ಬಿಟ್ಟಿಲ್ಲ. ಆದಕಾರಣ ಕೊಯ್ಲಿನ ತರುವಾಯವೂ ನೆಲವನ್ನು ಬರಿದುಬಿಡದೆ ಹೊದಿಕೆಯ ಬೆಳೆಯನ್ನು ಬಿತ್ತಬೇಕೆಂದು ಮೇಲಣ ಹೊಲಗಳ ರೈತರನ್ನು ಒಲಿಸುವ ಪ್ರಯತ್ನವು ನಡೆದಿದೆ.