ಹುಲ್ಲಿನ ಹೊದಿಕೆ, ಬೇರಿನ ಇಂಗಾಲ

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ 1843ರಿಂದ ಒಂದೇ ಹೊಲದಲ್ಲಿ ಗೋಧಿ ಬೆಳೆಯುತ್ತ ಬಂದಿದ್ದಾರೆ. ಲಾಸ್ ಮತ್ತು ಗಿಲ್ಬರ್ಟ್ ಶುರು ಮಾಡಿದ ಈ ಪ್ರಯೋಗದಲ್ಲಿ, ವರ್ಷವೂ ಕೊಟ್ಟಿಗೆ ಗೊಬ್ಬರ ಬಿದ್ದ ಪಟ್ಟೆಯ ಮಣ್ಣಿನಲ್ಲಿ ಇಂಗಾಲ ಏರುತ್ತ ಹೋಯಿತು. ಮಣ್ಣಿನ ಇಂಗಾಲವನ್ನು ದಶಕಗಳ ಲೆಕ್ಕದಲ್ಲಿ ನೋಡಬೇಕೆಂಬ ಪಾಠ ಸಿಕ್ಕಿದ್ದು ಅಲ್ಲಿಂದಲೇ. ಆದರೆ ಆ ಕಾಲದ ಗಮನವೆಲ್ಲ ಪೋಷಕಾಂಶಗಳ ಮೇಲಿತ್ತು. ಮಣ್ಣು ಹೇಗೆ ಕಟ್ಟಿಕೊಂಡಿದೆ ಎಂಬುದನ್ನು ಹೆಚ್ಚಾಗಿ ಯಾರೂ ಕೇಳಲಿಲ್ಲ.

ಕೇಳುವಂತೆ ಮಾಡಿದ್ದು 1930ರ ದಶಕದ ಅಮೆರಿಕದ ಧೂಳು ಬಿರುಗಾಳಿ. ನೆಬ್ರಾಸ್ಕದಲ್ಲಿ ಡೂಲಿ ಮತ್ತು ರಸೆಲ್ ಎಂಬ ವಿಜ್ಞಾನಿಗಳು ಕೂಳೆ, ಹುಲ್ಲನ್ನು ಉಳದೆ ಮೇಲೆಯೇ ಬಿಟ್ಟು ನೋಡಿದರು. ಬರಿಮಣ್ಣಿಗೆ ಅಪ್ಪಳಿಸುವ ಮಳೆಹನಿ ಮಣ್ಣನ್ನು ಪುಡಿಮಾಡುತ್ತದೆ, ಆ ನುಣ್ಣನೆಯ ಕಣಗಳು ರಂಧ್ರಗಳನ್ನು ಮುಚ್ಚುತ್ತವೆ, ನೀರು ಇಂಗದೆ ಹರಿದುಹೋಗುತ್ತದೆ. ಹುಲ್ಲು ಹಾಸಿದ ಕಡೆ ಈ ಪೆಟ್ಟೇ ಬೀಳಲಿಲ್ಲ. ನಮ್ಮ ಕೆಂಪು ಮಣ್ಣಿನ ಹೊಲದಲ್ಲಿ ಬಿತ್ತಿದ ಮರುದಿನ ಜೋರು ಮಳೆ ಬಂದು ಮೇಲ್ಪದರ ಗಟ್ಟಿಯಾಗಿ, ಮೊಳಕೆ ಏಳದೆ ಕಂಗೆಟ್ಟ ರೈತರಿಗೆ ಇದು ಹೊಸ ವಿಷಯವೇನಲ್ಲ.

ನಿಜವಾದ ತಿರುವು 1982ರದು. ಆಸ್ಟ್ರೇಲಿಯಾದ ಟಿಸ್ಡಾಲ್ ಮತ್ತು ಓಡ್ಸ್ ಮಣ್ಣಿನ ಕಣಗುಚ್ಛಗಳಿಗೆ ಒಂದು ಶ್ರೇಣಿಯಿದೆ ಎಂದರು. ಕಾಲು ಮಿಲಿಮೀಟರಿಗಿಂತ ದೊಡ್ಡ ಗುಚ್ಛಗಳನ್ನು ಸಣ್ಣ ಬೇರುಗಳೂ ಶಿಲೀಂಧ್ರದ ಎಳೆಗಳೂ ಹೆಣೆದು ಹಿಡಿದಿರುತ್ತವೆ. ಅವುಗಳೊಳಗಿನ ಚಿಕ್ಕ ಗುಚ್ಛಗಳಲ್ಲಿ ಜೇಡಿಗೆ ಅಂಟಿಕೊಂಡ ಹಳೆಯ ಸಾವಯವ ಅಂಶವಿರುತ್ತದೆ. ಅಲ್ಲಿಗೆ ಸೂಕ್ಷ್ಮಜೀವಿಗಳು ಸುಲಭವಾಗಿ ತಲುಪಲಾರವು, ಇಂಗಾಲ ಉಳಿಯುತ್ತದೆ. ರಚನೆ, ಸಂಗ್ರಹ ಎರಡೂ ಒಂದೇ ಪ್ರಶ್ನೆಯಾದದ್ದು ಹೀಗೆ. ಹೆಣೆಯುವುದು ಬೇರಾದರೆ, ಯಾವ ಬೆಳೆ ಎಂಬುದು ಮುಖ್ಯವಾಗಲೇಬೇಕು.

2005ರಲ್ಲಿ ರಾಸ್ ಮತ್ತು ಸಂಗಡಿಗರು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ, ಕಾಂಡ-ಎಲೆಗಳಿಂದ ಬಂದ ಇಂಗಾಲಕ್ಕಿಂತ ಬೇರಿನದು ಸುಮಾರು 2.4 ಪಟ್ಟು ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುವುದು ಕಂಡಿತು. ಮೇಲೆ ಹಾಸಿದ ಹುಲ್ಲಿನ ಬಹುಪಾಲು ಕೊಳೆತು ಗಾಳಿಗೇ ಮರಳುತ್ತದೆ. ಹಾಗಾಗಿ ಹುಲ್ಲು ಹಾಸಿದರೆ ಸಾಕು, ಇಂಗಾಲ ಜಮೆಯಾಯಿತು ಎಂಬ ಪ್ರಚಾರವನ್ನು ನಾನು ಒಪ್ಪಲಾರೆ. ಹೊದಿಕೆಯ ದೊಡ್ಡ ಕೊಡುಗೆ ತೇವ ಮತ್ತು ರಚನೆಯ ರಕ್ಷಣೆ.

ನಮಗೆ ಹತ್ತಿರದ ಪುರಾವೆ ಪಟಂಚೆರುವಿನ ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಕೇಂದ್ರದ ಕಪ್ಪು ಮಣ್ಣಿನದು. 1976ರಲ್ಲಿ ಆರಂಭವಾದ ಅಲ್ಲಿನ ಪ್ರಯೋಗದಲ್ಲಿ, ಮುಂಗಾರಿನಲ್ಲಿ ಹೊಲವನ್ನು ಪಾಳು ಬಿಟ್ಟು ಹಿಂಗಾರಿ ಬಿತ್ತುವ ಹಳೆಯ ಪದ್ಧತಿಯ ಪಕ್ಕದಲ್ಲೇ ಏರುಮಡಿ, ಗೊಬ್ಬರ, ಜೋಳ-ತೊಗರಿ ಮಿಶ್ರಬೆಳೆಯ ಪದ್ಧತಿ ನಡೆಯಿತು. 24 ವರ್ಷಗಳಲ್ಲಿ ಎರಡನೆಯದು ಹೆಕ್ಟೇರಿಗೆ ಸುಮಾರು 7 ಟನ್ ಹೆಚ್ಚು ಇಂಗಾಲ ಕೂಡಿಟ್ಟಿತು. ವಿಜಯಪುರದ ಕಡೆ ಇಂದಿಗೂ ಹಿಂಗಾರಿ ಜೋಳಕ್ಕಾಗಿ ಮುಂಗಾರಿನಲ್ಲಿ ಹೊಲ ಬರಿದಾಗಿ ಬಿದ್ದಿರುತ್ತದೆ ಎಂಬುದನ್ನು ನೆನೆದರೆ ಈ ಅಂಕಿ ಕಾಡುತ್ತದೆ.

ಇನ್ನು ಹೊದಿಕೆಯ ಮಾತು. ಒಣಬೇಸಾಯದಲ್ಲಿ ರಾಗಿ ಹುಲ್ಲು, ಜೋಳದ ಕಣಕಿ ದನದ ಮೇವು. ಅದನ್ನು ಹೊಲಕ್ಕೆ ಹಾಸಿ ಎನ್ನುವುದು ಕೊಟ್ಟಿಗೆಯ ಪಾಡು ತಿಳಿಯದವರ ಮಾತು. ಆದರೆ ಬೇರು ನಮ್ಮ ಕೈಲಿದೆ. ರಾಗಿ ಬುಡವೊಂದನ್ನು ಕಿತ್ತು ನೋಡಿ: ಜಡೆಗಟ್ಟಿದ ಬೇರಿಗೆ ಮುಷ್ಟಿ ತುಂಬ ಮಣ್ಣು ಕಚ್ಚಿಕೊಂಡಿರುತ್ತದೆ, ಕೊಡವಿದರೂ ಪೂರ್ತಿ ಉದುರದು. ಅಕ್ಕಡಿ ಸಾಲಿನ ತೊಗರಿ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ, ಎಲೆಯನ್ನು ಹೊಲದಲ್ಲೇ ಉದುರಿಸುತ್ತದೆ. ಹುಲ್ಲು ಬಣವೆ ಸೇರಿದರೂ ಬೇರು ಹೊಲದಲ್ಲೇ ಉಳಿಯುತ್ತದೆ. ಕೊಯ್ಯುವಾಗ ಗೇಣುದ್ದ ಕೂಳೆ ಬಿಟ್ಟರೆ, ಉದುರಿದ ಎಲೆಗೆ ಬೆಂಕಿ ಇಡದಿದ್ದರೆ, ದನಕ್ಕೆ ಹೆಚ್ಚು ಕೊರತೆ ಮಾಡದೆಯೇ ಒಂದಿಷ್ಟು ಹೊದಿಕೆಯೂ ಸಿಗುತ್ತದೆ.