ಹೃದಯಲಯದ ತಪಾಸಣೆ: ಆಸ್ಪತ್ರೆಯಿಂದ ಪೇಟೆಬೀದಿಗೆ

ಬೆಂಗಳೂರಿನ ಹಳೆಯ ಪೇಟೆಗಳಲ್ಲೊಂದಾದ ಅಕ್ಕಿಪೇಟೆಗೂ 1900ರಲ್ಲಿ ಆರಂಭವಾದ ವಿಕ್ಟೋರಿಯಾ ಆಸ್ಪತ್ರೆಗೂ ನಡೆದುಹೋಗುವಷ್ಟೇ ದೂರ. ಜಯದೇವ ಹೃದ್ರೋಗ ಸಂಸ್ಥೆ ಬನ್ನೇರುಘಟ್ಟ ರಸ್ತೆಗೆ ಹೋಗುವ ಮುನ್ನ ಇದ್ದದ್ದೂ ಆ ಆವರಣದಲ್ಲೇ. ಆದರೂ ಮೂಟೆ ಹೊರುವ ಹಮಾಲಿಗೆ ತನ್ನ ಎದೆಬಡಿತ ಲಯ ತಪ್ಪಿದೆಯೆಂದು ಎಷ್ಟೋ ಸಲ ತಿಳಿಯುವುದು ಪಾರ್ಶ್ವವಾಯು ಹೊಡೆದ ಮೇಲೆಯೇ.

ಲಯದೋಷಗಳಲ್ಲಿ ಬೀದಿಬದಿಯ ತಪಾಸಣೆಗೆ ಮುಖ್ಯವಾದದ್ದು ಏಟ್ರಿಯಲ್ ಫಿಬ್ರಿಲೇಷನ್. ಇದರಲ್ಲಿ ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಕುಗ್ಗದೆ ಬರಿದೇ ಅದುರುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟಿ ಮಿದುಳಿನ ನಾಳಕ್ಕೆ ಅಡ್ಡಬೀಳಬಹುದು.

ನಾಡಿ ನೋಡುವ ವಿದ್ಯೆ ನಮ್ಮಲ್ಲಿ ಹಳೆಯದು. ಶಾರ್ಙ್ಗಧರ ಸಂಹಿತೆಯಲ್ಲಿ ಅದರ ವಿವರಣೆಯಿದೆ. 1924ರಲ್ಲಿ ನೊಬೆಲ್ ಪಡೆದ ಐಂಥೋವನ್ ಅವರ ಇಸಿಜಿ ಯಂತ್ರಕ್ಕೆ ಮಾತ್ರ ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಮುಂದೆ ಅಮೆರಿಕದ ವಿಜ್ಞಾನಿ ಹೋಲ್ಟರ್ ಅವರು ಯಂತ್ರವನ್ನು ಬೆನ್ನಿಗೇರಿಸಿ ನಡೆಯುವಂತೆ ಮಾಡಿದರು. 2012ರ ಹೊತ್ತಿಗೆ ಫೋನಿಗೆ ಅಂಟಿಸಿದ ಪಟ್ಟಿಯ ಮೇಲೆ ಎರಡೂ ಕೈಗಳ ಬೆರಳಿಟ್ಟು 30 ಸೆಕೆಂಡು ಕಾದರೆ ಇಸಿಜಿ ಗೆರೆ ಮೂಡುವಂತಾಯಿತು. ಸಿಡ್ನಿಯ ಔಷಧದಂಗಡಿಗಳಲ್ಲಿ, ಗುಜರಾತಿನ ಆಣಂದದ ಹಳ್ಳಿಗಳಲ್ಲಿ ಈ ಬಗೆಯ ಉಪಕರಣದಿಂದಲೇ ತಪಾಸಣೆ ನಡೆಯಿತು.

ಯಂತ್ರ ಚಿಕ್ಕದಾದಷ್ಟೂ ಫಲ ದೊಡ್ಡದಾಗಲಿಲ್ಲ. ಆಪಲ್ ವಾಚ್ ಅಧ್ಯಯನದಲ್ಲಿ 4 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರೆಲ್ಲ ವಾಚು ಕೊಳ್ಳಬಲ್ಲವರು. 2021ರ ಡೆನ್ಮಾರ್ಕಿನ ಲೂಪ್ ಅಧ್ಯಯನದಲ್ಲಿ ಚರ್ಮದಡಿ ಯಂತ್ರವಿಟ್ಟಾಗ ಲಯದೋಷ ಮೂರು ಪಟ್ಟು ಹೆಚ್ಚು ಸಿಕ್ಕಿತಾದರೂ ಪಾರ್ಶ್ವವಾಯು ಗಣನೀಯವಾಗಿ ಇಳಿಯಲಿಲ್ಲ. ಇವಕ್ಕಿಂತ ನನಗೆ ಬೆಲೆಯುಳ್ಳದ್ದೆನಿಸುವುದು 2007ರ ಇಂಗ್ಲೆಂಡಿನ ಸೇಫ್ ಅಧ್ಯಯನ. ಬೇರೆ ಕಾಯಿಲೆಗೆ ಬಂದ 65 ದಾಟಿದವರ ನಾಡಿ ಹಿಡಿದು, ತಪ್ಪಿದ್ದರೆ ಇಸಿಜಿ ತೆಗೆಯುವುದು, ಎಲ್ಲರನ್ನೂ ಕರೆಸಿ ಇಸಿಜಿ ತೆಗೆಯುವಷ್ಟೇ ಫಲಕಾರಿಯೆಂದು ಅದು ತೋರಿಸಿತು. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟರೆ ಸಾಕು. ಬಡಿತಗಳ ನಡುವಿನ ಅಂತರ ಒಂದರಂತೆ ಒಂದಿಲ್ಲದಿದ್ದರೆ ಅನುಮಾನಿಸಬೇಕು.

ಕರ್ನಾಟಕದಲ್ಲಿ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಹೃದಯಾಘಾತದಿಂದ ತೀರಿಕೊಂಡ ಮೇಲೆ ಜನ ಹೃದಯ ತಪಾಸಣೆಗೆ ಮುಗಿಬಿದ್ದರು. ಅವರ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂತು. ಅದು ಹೃದಯಾಘಾತದವರ ಜೀವ ಉಳಿಸುವ ಒಳ್ಳೆಯ ಯೋಜನೆ. ನೋವಿಲ್ಲದೆ ಲಯ ತಪ್ಪಿದವರನ್ನು ಹುಡುಕುವುದು ಅದರ ಕೆಲಸವಲ್ಲ.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಬಾಲ್ಯದ ಗಂಟಲುಬೇನೆಯಿಂದ ಹುಟ್ಟುವ ರುಮ್ಯಾಟಿಕ್ ಜ್ವರ ಕವಾಟ ಕೆಡಿಸಿ ಬಡವರಲ್ಲಿ ನಡುವಯಸ್ಸಿಗೇ ಲಯದೋಷ ತರುತ್ತದೆ. ಇಂಥವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೊಸ ಮಾತ್ರೆಗಿಂತ ವಾರ್ಫರಿನ್ ಜಾತಿಯ ಹಳೆಯ ಮಾತ್ರೆಯೇ ಮೇಲೆಂದು 2022ರ ಇನ್ವಿಕ್ಟಸ್ ಅಧ್ಯಯನ ಹೇಳಿತು. ಅದನ್ನು ನುಂಗುವವರು ಆಗಾಗ, ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ಅಳೆಯುವ ಐಎನ್‌ಆರ್ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಪ್ರತಿ ಪರೀಕ್ಷೆಗೂ ಒಂದು ದಿನದ ಕೂಲಿ ಹೋಗುವುದಾದರೆ ಹಮಾಲಿ ಮಾತ್ರೆಯನ್ನೇ ಬಿಟ್ಟಾನು.

ಆದ್ದರಿಂದ ಅಕ್ಕಿಪೇಟೆಯಂಥ ಕಡೆ ಶಿಬಿರ ಹೂಡುವವರು 65ರ ವಯೋಮಿತಿಯನ್ನು ಕೈಬಿಡಬೇಕು, ಮತ್ತು ಸಂಜೆ ಅಂಗಡಿ ಮುಚ್ಚಿದ ಮೇಲೂ ಐಎನ್‌ಆರ್ ಪರೀಕ್ಷೆ ಹತ್ತಿರದಲ್ಲೇ ಸಿಗುವ ಏರ್ಪಾಡನ್ನು ಮೊದಲು ಮಾಡಿಕೊಳ್ಳಬೇಕು.