ಭೂಮಿ ಕೇಂದ್ರದ ಎರಡು ಪರದೆಯ ಕಂಪ್ಯೂಟರ್

2000ರ ದಶಕದ ಆರಂಭ. ಗಾಜು, ಪ್ಲಾಸ್ಟಿಕ್.

ಕಾಲು ಶತಮಾನದ ಯಂತ್ರಕ್ಕೇಕೆ ಮ್ಯೂಸಿಯಂ ಎನ್ನಬಹುದು. ವಯಸ್ಸು ಬಿಡಿ, ಅದು ಮಾಡಿದ ಕೆಲಸ ನೋಡಿ. ಅದುವರೆಗೆ ಬೈಲಹೊಂಗಲ, ಸವದತ್ತಿ, ರಾಮದುರ್ಗದ ರೈತರು ಹೊಲದ ಉತಾರಕ್ಕಾಗಿ, ಅಂದರೆ ಪಹಣಿಗಾಗಿ, ತಲಾಠಿಯನ್ನು ಹುಡುಕಿಕೊಂಡು ಹೋಗಬೇಕಿತ್ತು. ದಫ್ತರವೂ ಅವರ ಬಳಿಯೇ, ಬರೆಯುವ ಕೈಯೂ ಅವರದೇ. ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಕನ್ನಡದಲ್ಲೇ ಮುದ್ರಿಸಿ ಕೊಟ್ಟಿತು.

ಪಾಳಿ ಹಚ್ಚಿ ನಿಲ್ಲುವುದು ತಪ್ಪಲಿಲ್ಲವಲ್ಲ ಎಂಬ ಆಕ್ಷೇಪ ನಿಜ. ಹಳೆಯ ಪುಸ್ತಕದ ತಪ್ಪುಗಳೂ ಯಂತ್ರದೊಳಗೆ ಬಂದವು. ಆದರೂ ರೈತರ ಕಡೆ ತಿರುಗಿದ ಆ ಎರಡನೆಯ ಪರದೆಯನ್ನು ಗಮನಿಸಿ: ಒಳಗೆ ಕೂತವರಿಗೆ ಕಂಡದ್ದೇ ಹೊರಗೆ ನಿಂತವರಿಗೂ ಕಾಣುತ್ತಿತ್ತು.